ಮಳೆಗಾಲಕ್ಕಿಲ್ಲದ ಕಿರುಗೆರೆ

ವಯನಾಡು ಜಿಲ್ಲೆಯ ವೆಳ್ಳಮುಂಡಕ್ಕೆ ಮುಂಗಾರು ಇಳಿದರೆ ಮಲಯಾಳ ಆಡುವ ಮನೆಯಲ್ಲಿ ಅದು ‘ಮಳಕ್ಕಾಲಂ’. ಕನ್ನಡ ಆಡುವ ಮನೆಯಲ್ಲಿ ‘ಮಳೆಗಾಲ’. ಎರಡು ಪದಗಳು ಕೂಡುವಾಗ ಮಲಯಾಳದಲ್ಲಿ ಕಕಾರವು ಇಮ್ಮಡಿಸುತ್ತದೆ, ಕನ್ನಡದಲ್ಲಿ ಗಕಾರವಾಗುತ್ತದೆ. ಬೆಸುಗೆಯು ಕಿವಿಗೇ ಕೇಳಿಸುವುದರಿಂದ ಅದನ್ನು ತೋರಿಸಲು ಗೆರೆ ಬೇಕಿಲ್ಲ. ಇಂಗ್ಲಿಷಿನಲ್ಲಿ ಹಾಗಲ್ಲ. ‘ರೇನ್‌ಕೋಟ್’ ಒಂದೇ ಪದ. ಮಳೆ ಅಳೆಯುವ ‘ರೇನ್ ಗೇಜ್’ ಎರಡು ಪದ. ಮಳೆಯಲ್ಲಿ ತೊಯ್ದದ್ದು ‘ರೇನ್-ಸೋಕ್ಡ್’, ನಡುವೆ ಹೈಫನ್. ಕನ್ನಡ ಮಾಧ್ಯಮದ ಮಕ್ಕಳು ಇಲ್ಲಿ ತಡವರಿಸಿದರೆ ಅದು ದಡ್ಡತನವಲ್ಲ. ಮಾತೃಭಾಷೆಯ ಸಂಧಿನಿಯಮ ಅವರಿಗೆ ಚೆನ್ನಾಗಿ ಮೈಗೂಡಿದೆಯೆಂದೇ ಅರ್ಥ.

ನಿಘಂಟು ನೋಡದೆ ತಿಳಿಯಬಹುದಾದ ಸೂತ್ರವೊಂದುಂಟು. ಹಲವು ಪದಗಳು ಕೂಡಿ ಒಂದೇ ವಿಶೇಷಣವಾಗಿ ನಾಮಪದದ ಮುಂದೆ ನಿಂತರೆ ಸಾಮಾನ್ಯವಾಗಿ ಹೈಫನ್ ಬೇಕು: ‘ಎ ಟೆನ್-ಇಯರ್-ಓಲ್ಡ್ ಗರ್ಲ್’. ಕ್ರಿಯಾಪದದ ಅನಂತರ ಬಂದರೆ ಬೇಡ: ‘ದ ಗರ್ಲ್ ಈಸ್ ಟೆನ್ ಇಯರ್ಸ್ ಓಲ್ಡ್’. ಮೊದಲನೆಯದರಲ್ಲಿ ‘ಇಯರ್’ ಏಕವಚನ, ಎರಡನೆಯದರಲ್ಲಿ ಬಹುವಚನ ಎಂಬುದನ್ನೂ ಗಮನಿಸಬೇಕು. ‘ನ್ಯೂಲಿ’ಯಂತೆ ‘ಲಿ’ ಎಂದು ಮುಗಿಯುವ ಕ್ರಿಯಾವಿಶೇಷಣದ ಬಳಿಕ ಹೈಫನ್ ಸಲ್ಲದು.

ಗೆರೆಯ ಬೆಲೆ ತಿಳಿಯುವುದು ಹಣದ ಮಾತು ಬಂದಾಗ. ‘ಟೂ ಹಂಡ್ರೆಡ್-ರುಪೀ ನೋಟ್ಸ್’ ಎಂದರೆ ನೂರು ರೂಪಾಯಿಯ ಎರಡು ನೋಟು. ‘ಟೂ-ಹಂಡ್ರೆಡ್-ರುಪೀ ನೋಟ್ಸ್’ ಎಂದರೆ 2017ರಲ್ಲಿ ಚಲಾವಣೆಗೆ ಬಂದ ಇನ್ನೂರರ ನೋಟುಗಳು, ಎಷ್ಟೆಂಬುದು ಅದರಲ್ಲಿಲ್ಲ. ‘ಟೂ ಹಂಡ್ರೆಡ್ ರುಪೀ-ನೋಟ್ಸ್’ ಎಂದರೆ ಒಂದು ರೂಪಾಯಿಯ ಇನ್ನೂರು ನೋಟು! ಕರಾರುಪತ್ರಗಳಲ್ಲಿಯೂ ಇಂಥದೇ ಅಪಾಯವಿದೆ. ‘ರೀ-ಸೈನ್’ ಎಂದರೆ ಮತ್ತೆ ಸಹಿ ಹಾಕುವುದು. ಗೆರೆ ಅಳಿಸಿದರೆ ಅದೇ ಅಕ್ಷರಗಳು ರಾಜೀನಾಮೆಯಾಗುತ್ತವೆ.

ರೂಢಿಯೂ ಒಂದೇ ತೆರನಾಗಿ ನಿಲ್ಲುವುದಿಲ್ಲ. 2007ರ ‘ಶಾರ್ಟರ್ ಆಕ್ಸ್‌ಫರ್ಡ್’ ನಿಘಂಟು ಸುಮಾರು 16,000 ಪದಗಳ ಹೈಫನ್ ತೆಗೆದುಹಾಕಿತು. ‘ಐಸ್ ಕ್ರೀಮ್’ ಎರಡು ಪದವಾಯಿತು, ‘ಬಂಬಲ್‌ಬೀ’ ಒಂದಾಯಿತು. ಹಳೆಯ ಪುಸ್ತಕಕ್ಕೂ ಹೊಸ ಪುಸ್ತಕಕ್ಕೂ ತಾಳೆಯಾಗದಿದ್ದರೆ ಮಗುವನ್ನು ಗದರಿಸಬೇಕಾಗಿಲ್ಲ.

ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಕಲ್ಪಿಸಬೇಕೆನ್ನುವ ಸಂವಿಧಾನದ 350ಎ ವಿಧಿಯನ್ನು 1956ರಲ್ಲಿ ಸೇರಿಸಲಾಯಿತು. ಅದರ ಇಂಗ್ಲಿಷ್ ಪಾಠದಲ್ಲಿ ‘ಮದರ್-ಟಂಗ್’ ಹೈಫನ್ ಸಹಿತವಾಗಿದೆ. ಇಂದಿನ ಬರಹದಲ್ಲಿ ಅದು ಬಹುತೇಕ ಎರಡು ಪದ. ವಿಧಿಯನ್ನು ಉದ್ಧರಿಸುವ ಪೋಷಕರು ಹೈಫನ್ ಉಳಿಸಿಕೊಳ್ಳಬೇಕು. ಸ್ವಂತ ವಾಕ್ಯದಲ್ಲಿ ಬಿಡಬಹುದು. ಆ ಮನವಿಯಲ್ಲಿ ‘ಮೋರ್ ಕ್ವಾಲಿಫೈಡ್ ಟೀಚರ್ಸ್’ ಬೇಕೆಂದು ಬರೆದರೆ, ಅರ್ಹ ಶಿಕ್ಷಕರು ಇನ್ನಷ್ಟು ಮಂದಿ ಬೇಕೆಂದು ಓದಲು ಎಡೆಯಿದೆ. ‘ಮೋರ್-ಕ್ವಾಲಿಫೈಡ್’ ಎಂದು ಗೆರೆ ಎಳೆದರೆ, ಈಗಿರುವವರಿಗಿಂತ ಹೆಚ್ಚು ಅರ್ಹರು ಬೇಕೆಂದಾಗುತ್ತದೆ. ಸಂಖ್ಯೆ ಕೇಳುವುದೇ ಉದ್ದೇಶವಾದರೆ ಎಷ್ಟು ಹುದ್ದೆಗಳೆಂದು ಅಂಕಿಯಲ್ಲೇ ಬರೆದುಬಿಡುವುದು ಕ್ಷೇಮ.