ಸಲಾಂ ಹೇಳದ ಮಗು

ಹಬ್ಬದ ದಿನ ಶಿರಾದಿಂದ ಮಾಮು ಬಂದಿದ್ದಾರೆ. ಮಕ್ಕಳೆಲ್ಲ ಓಡಿಬಂದು ಸಲಾಂ ಹೇಳಿ ಈದಿ ಪಡೆದರು. ನಾಲ್ಕು ವರ್ಷದ ಒಬ್ಬ ಮಾತ್ರ ಮುಖ ಎತ್ತದೆ ಆಟದ ಕಾರಿನ ಚಕ್ರ ತಿರುಗಿಸುತ್ತಾ ಕುಳಿತಿದ್ದಾನೆ. ಎತ್ತಿಕೊಳ್ಳಲು ಹೋದರೆ ಚೀರುತ್ತಾನೆ. “ತಹಝೀಬ್ ಕಲಿಸಿಲ್ಲ” ಎಂಬ ಮಾತು ತಾಯಿಯ ಕಿವಿಗೆ ಬೀಳುತ್ತದೆ. ಆ ತಾಯಿಯನ್ನು ದೂರುವ ಮೊದಲು ಆಟಿಸಂ ಅಥವಾ ಸ್ವಲೀನತೆಯ ಬಗ್ಗೆ ತಿಳಿದುಕೊಳ್ಳಿ.

ಇದು ಮೆದುಳಿನ ಬೆಳವಣಿಗೆಯಲ್ಲಿನ ಭಿನ್ನತೆ. ತಾಯಿಯ ಪ್ರೀತಿ ಕಡಿಮೆಯಾಗಿ ಬರುವುದಲ್ಲ, ಲಸಿಕೆಯಿಂದಲೂ ಬರುವುದಿಲ್ಲ, ಜಿನ್ನಿನ ಕಾಟವೂ ಅಲ್ಲ. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಪಾವಗಡದ ಕಡೆ ಬೀದಿಯಲ್ಲಿ ತೆಲುಗು, ಹೀಗೆ ಮೂರು ಭಾಷೆ ಕೇಳುವುದೂ ಕಾರಣವಲ್ಲ. ದುಆ ಖಂಡಿತ ಮಾಡಿ. ಆದರೆ ತಾಯಿತ ಕಟ್ಟಿಸಿ ಎರಡು ವರ್ಷ ಕಾದು ಕುಳಿತರೆ ಮಗು ಬೇಗ ಕಲಿಯುವ ವಯಸ್ಸು ಕೈತಪ್ಪುತ್ತದೆ.

ಈ ಮಕ್ಕಳಿಗೆ ದೊಡ್ಡವರು ಬೇಡವೆಂದಲ್ಲ. ಅವರು ನಮ್ಮನ್ನು ಕರೆಯುವ ರೀತಿಯೇ ಬೇರೆ. ಬಿಸ್ಕತ್ತು ಬೇಕಾದರೆ ಬೆರಳು ತೋರಿಸದೆ ನಿಮ್ಮ ಕೈಯನ್ನೇ ಎಳೆದು ಡಬ್ಬದ ಮೇಲಿಡಬಹುದು. “ಪಾನಿ ಹೋನಾ?” ಎಂದರೆ “ಪಾನಿ ಹೋನಾ” ಎಂದೇ ಹೇಳಬಹುದು. ಅದು ಅಣಕವಲ್ಲ, ಎಷ್ಟೋ ಸಲ ಅದೇ ಅವನ “ಹೌದು”. ಕಣ್ಣು ನೋಡುವುದು, ಮಾತು ಕೇಳುವುದು ಎರಡೂ ಒಟ್ಟಿಗೆ ಕೆಲವರಿಗೆ ಕಷ್ಟ. ಹಾಗಾಗಿ ಗಲ್ಲ ಹಿಡಿದು “ನನ್ನನ್ನು ನೋಡು” ಎನ್ನಬೇಡಿ.

ಇದಕ್ಕೆ ತದ್ವಿರುದ್ಧವಾದ ಮಕ್ಕಳೂ ಇದ್ದಾರೆ. ಬಂದವರನ್ನೆಲ್ಲ ಹಿಡಿದು, ಮಧುಗಿರಿ ಬಸ್ಸು ಎಷ್ಟು ಗಂಟೆಗೆ ಎಂದು ಅದನ್ನೇ ಹತ್ತು ಸಲ ಕೇಳುತ್ತಾರೆ. “ದೊಡ್ಡವರ ಜೊತೆ ಚೆನ್ನಾಗಿ ಮಾತಾಡ್ತಾನೆ, ಏನೂ ತೊಂದರೆ ಇಲ್ಲ” ಎಂದು ಮನೆಯವರು ಸಮಾಧಾನಪಟ್ಟುಕೊಳ್ಳುತ್ತಾರೆ. ದೊಡ್ಡವರು ಕಾಯುತ್ತಾರೆ, ಅವನಿಗೆ ತಕ್ಕಂತೆ ಹೊಂದಿಕೊಳ್ಳುತ್ತಾರೆ. ಓರಗೆಯ ಮಕ್ಕಳು ಹಾಗಲ್ಲ. ಅವರೊಂದಿಗೆ ಹೇಗಿದ್ದಾನೆ ಎಂಬುದನ್ನೂ ಗಮನಿಸಿ. ಅಪರಿಚಿತರನ್ನೂ ಅಪ್ಪಿಕೊಳ್ಳುವ ಮಗುವಿಗೆ ಯಾರನ್ನು ಅಪ್ಪಬಹುದು, ಯಾರಿಗೆ ಕೈ ಮಾತ್ರ ಕೊಡಬೇಕು ಎಂದು ಕಲಿಸಲೇಬೇಕು. ಇದು ಅದರ ಸುರಕ್ಷತೆಯ ಪ್ರಶ್ನೆ.

ಮಗುವಿನ ಎತ್ತರಕ್ಕೆ ಕುಳಿತು, ಹೆಸರನ್ನು ಒಮ್ಮೆ ಕರೆದು, ಮನಸ್ಸಿನಲ್ಲೇ ಹತ್ತು ಎಣಿಸಿ. ಉತ್ತರ ತಡವಾಗಿ ಬರಬಹುದು. ಬಾಯಲ್ಲಿ ಸಲಾಂ ಬಾರದಿದ್ದರೆ ಕೈ ಎತ್ತಿದರೂ ಸಾಕು. ನೆಂಟರಿಗೆ ಬರುವ ಮೊದಲೇ ತಿಳಿಸಿಡಿ. ಶಾದಿ ಮಹಲಿನ ಗದ್ದಲಕ್ಕೆ ಕಿವಿ ಮುಚ್ಚಿಕೊಂಡರೆ ಹೊರಗೆ ಕರೆದುಕೊಂಡು ಹೋಗಿ. ಮಸೀದಿಯಲ್ಲಿ ಸದ್ದು ಮಾಡಿದನೆಂದು ಗದರುವವರಿಗೆ, ಮಗುವಿನ ಅಳು ಕೇಳಿ ಪ್ರವಾದಿಯವರು(ಸ) ನಮಾಝನ್ನೇ ಚಿಕ್ಕದಾಗಿಸುತ್ತಿದ್ದರೆಂಬುದನ್ನು ನೆನಪಿಸಿ.

ವರ್ಷ ತುಂಬಿದರೂ ಹೆಸರಿಗೆ ತಿರುಗದಿದ್ದರೆ, ಒಂದೂವರೆ ವರ್ಷಕ್ಕೂ ಬೆರಳು ತೋರಿಸದಿದ್ದರೆ, ಬಂದಿದ್ದ ಮಾತು ನಿಂತುಹೋದರೆ ಕಾಯಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ತಂಡದ ವೈದ್ಯರಿಗೆ ತೋರಿಸಿ. ತುಮಕೂರು ಜಿಲ್ಲಾ ಆಸ್ಪತ್ರೆಗೆ, ಅಗತ್ಯವಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಅಥವಾ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಬರೆಸಿಕೊಳ್ಳಿ. ಶಾಲೆಗೆ ಹೋಗುವ ಮಗುವಾದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕ್ಷೇತ್ರ ಸಂಪನ್ಮೂಲ ಕೇಂದ್ರಗಳಲ್ಲಿ ವಿಶೇಷ ಅಗತ್ಯದ ಮಕ್ಕಳ ಸಂಪನ್ಮೂಲ ಶಿಕ್ಷಕರನ್ನು ವಿಚಾರಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ, ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬಹುದು. ಔಷಧಿಯಿಂದ ಪೂರ್ತಿ ಗುಣಪಡಿಸುತ್ತೇವೆ ಎನ್ನುವವರಿಗೆ ಹಣ ಸುರಿಯಬೇಡಿ.

ಪಾವಗಡದಿಂದ ತುಮಕೂರಿಗೆ ವಾರವಾರ ಬರುವುದು ಕೂಲಿ ಬಿಟ್ಟು ಬರುವವರಿಗೆ ಸುಲಭವಲ್ಲ. ಮನೆಯಲ್ಲಿ ಮಾಡಿಸುವ ಅಭ್ಯಾಸಗಳನ್ನು ಕಲಿಸಿಕೊಡಿ ಎಂದು ಥೆರಪಿಸ್ಟರನ್ನೇ ಕೇಳಿ. ಅವರು ಒಪ್ಪಿದರೆ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಬಂದು ದಾದಿ, ನಾನಿಗೂ ತೋರಿಸಿ.