ನಾಯಿಗೆ ಚಿಪ್ ಹಾಕಿಸಿದ್ರೆ ಸಾಕಾ? ಅದರ ಹಿಂದಿರೋ ಫೋನ್ ನಂಬರ್ ಯಾರದ್ದು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಸಂಚಿಕೆ ಮನೇಲಿ ನಾಯಿ ಸಾಕಿರೋರಿಗೆ. ಅದರಲ್ಲೂ ಬೇರೆಯವರಿಂದ ನಾಯಿ ತಗೊಂಡು ಸಾಕ್ತಿರೋರು ಪೂರ್ತಿ ಕೇಳಿ.

ವಿಷಯ ಮೈಕ್ರೋಚಿಪ್. ಮುಖ್ಯವಾದ ಮಾತನ್ನ ಮೊದಲೇ ಹೇಳಿಬಿಡ್ತೀನಿ. ಚಿಪ್ ಹಾಕಿಸೋದು ಅರ್ಧ ಕೆಲಸ. ಆ ಚಿಪ್ಪಿನ ನಂಬರಿಗೆ ನಿಮ್ಮ ಹೆಸರು, ನಿಮ್ಮ ಈಗಿನ ಫೋನ್ ನಂಬರ್ ಸೇರಿಸೋದು ಇನ್ನರ್ಧ. ಕಳೆದುಹೋದ ನಾಯಿ ಮನೆಗೆ ವಾಪಸ್ ಬರೋದು ಈ ಎರಡನೇ ಅರ್ಧದಿಂದ.

ಚಿಪ್ ಒಳಗೆ ಏನಿರುತ್ತೆ?

ಚಿಪ್ ಅಂದ್ರೆ ಒಂದು ಅಕ್ಕಿ ಕಾಳಿನಷ್ಟು ದೊಡ್ಡದು. ಗಾಜಿನ ಪುಟ್ಟ ಕೊಳವೆಯೊಳಗೆ ಇರುತ್ತೆ. ಪಶುವೈದ್ಯರು ಅದನ್ನ ಸಿರಿಂಜ್‌ನಲ್ಲಿ ನಾಯಿಯ ಎರಡು ಭುಜಗಳ ಮಧ್ಯೆ, ಚರ್ಮದ ಕೆಳಗೆ ಹಾಕ್ತಾರೆ. ಸೂಜಿ ಲಸಿಕೆಯ ಸೂಜಿಗಿಂತ ಸ್ವಲ್ಪ ದಪ್ಪ. ಅರಿವಳಿಕೆ ಬೇಕಾಗಲ್ಲ. ಕೆಲವೇ ಸೆಕೆಂಡಿನ ಕೆಲಸ.

ಅದರಲ್ಲಿ ಬ್ಯಾಟರಿ ಇಲ್ಲ. ಜಿಪಿಎಸ್ ಇಲ್ಲ. "ನನ್ನ ನಾಯಿ ಈಗ ಎಲ್ಲಿದೆ ಅಂತ ಮೊಬೈಲಲ್ಲಿ ನೋಡಬಹುದಾ?" ಅಂದ್ರೆ, ಆಗಲ್ಲ. ಸ್ಕ್ಯಾನರ್ ಹತ್ತಿರ ಹಿಡಿದಾಗ ಅದರ ರೇಡಿಯೋ ಅಲೆಯಿಂದಲೇ ಚಿಪ್ಪಿಗೆ ಶಕ್ತಿ ಸಿಗುತ್ತೆ. ಆಗ ಅದು 15 ಅಂಕಿಯ ಒಂದು ನಂಬರ್ ಹೇಳುತ್ತೆ, ಮತ್ತೆ ಸುಮ್ಮನಾಗುತ್ತೆ. ನಾಯಿಯ ಹೆಸರು, ನಿಮ್ಮ ವಿಳಾಸ, ಯಾವುದೂ ಅದರಲ್ಲಿ ಇರಲ್ಲ.

ನಮ್ಮ ಫೋನಲ್ಲಿರೋ ಎನ್‌ಎಫ್‌ಸಿಯಿಂದ ಓದಬಹುದಾ? ಅದೂ ಆಗಲ್ಲ. ಫೋನಿನ ಎನ್‌ಎಫ್‌ಸಿ ಕೆಲಸ ಮಾಡೋದು 13.56 ಮೆಗಾಹರ್ಟ್ಸ್‌ನಲ್ಲಿ. ಅಂತಾರಾಷ್ಟ್ರೀಯ ಮಾನದಂಡದ ಪ್ರಾಣಿ ಚಿಪ್ 134.2 ಕಿಲೋಹರ್ಟ್ಸ್‌ನಲ್ಲಿ. ಒಂದರ ಮಾತು ಇನ್ನೊಂದಕ್ಕೆ ಕೇಳಿಸಲ್ಲ. ಹಾಗಾಗಿ ಸ್ಕ್ಯಾನರ್ ಇರೋ ಕ್ಲಿನಿಕ್‌ಗೇ ಹೋಗಬೇಕು.

ಹಸುವಿನ ಕಿವಿಯ ಹಳದಿ ಟ್ಯಾಗ್ ನೆನಪಿಸಿಕೊಳ್ಳಿ

ನಮ್ಮ ಕಡೆಯವರಿಗೆ ಇದನ್ನ ಅರ್ಥ ಮಾಡಿಸೋದು ಸುಲಭ. ಡೈರಿಗೆ ಹಾಲು ಹಾಕೋ ಮನೆಗಳಲ್ಲಿ ಹಸುವಿನ ಕಿವಿಗೆ ಹಳದಿ ಟ್ಯಾಗ್ ಇರುತ್ತಲ್ಲ, 12 ಅಂಕಿದು, ಪಶು ಆಧಾರ್ ಅಂತೀವಿ. ಟ್ಯಾಗ್ ಬರೀ ನಂಬರ್. ಯಾರ ಹಸು, ಯಾವ ಲಸಿಕೆ ಆಗಿದೆ ಅನ್ನೋದೆಲ್ಲ ಭಾರತ್ ಪಶುಧನ್ ಅನ್ನೋ ಸರ್ಕಾರಿ ದಾಖಲೆಯಲ್ಲಿರುತ್ತೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೇಲಿ ಹಸು ಕೈ ಬದಲಾಯ್ತು ಅಂದ್ಕೊಳ್ಳಿ. ಹಗ್ಗ ಹೊಸಬರ ಕೈಗೆ ಬಂದ ಮಾತ್ರಕ್ಕೆ ದಾಖಲೆಯಲ್ಲಿ ಹೆಸರು ಬದಲಾಗಲ್ಲ. ಯಾರಾದರೂ ಕೂತು ಬದಲಿಸಬೇಕು.

ನಾಯಿ ಚಿಪ್ಪೂ ಹಾಗೇನೇ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಸಾಕುನಾಯಿಗಳಿಗೆ ದೇಶಕ್ಕೆಲ್ಲ ಸೇರಿ ಒಂದೇ ಕಡ್ಡಾಯ ದಾಖಲೆ ಇಲ್ಲ. ಒಂದು ನಾಯಿಯ ವಿವರ ಚಿಪ್ ಕಂಪನಿಯ ವೆಬ್‌ಸೈಟಿನಲ್ಲಿರಬಹುದು, ಇನ್ನೊಂದರದ್ದು ಕೆನಲ್ ಕ್ಲಬ್ ಆಫ್ ಇಂಡಿಯಾದ ನೋಂದಣಿಯಲ್ಲಿ, ಮತ್ತೊಂದರದ್ದು ಚಿಪ್ ಹಾಕಿದ ಕ್ಲಿನಿಕ್ಕಿನ ಪುಸ್ತಕದಲ್ಲಷ್ಟೇ.

ಒಂದು ಉದಾಹರಣೆ ತಗೊಳ್ಳೋಣ. ಯಲಹಂಕದ ಫ್ಲ್ಯಾಟ್‌ನಲ್ಲಿದ್ದ ಲ್ಯಾಬ್ರಡಾರ್. ಮನೆಯವರಿಗೆ ಬೇರೆ ಊರಿಗೆ ವರ್ಗ ಆಯ್ತು, ನಾಯಿಯನ್ನ ನೆಲಮಂಗಲದ ತೋಟದ ಮನೆಯವರಿಗೆ ಕೊಟ್ರು. ಬೆಲ್ಟ್, ತಟ್ಟೆ, ಲಸಿಕೆ ಪುಸ್ತಕ ಎಲ್ಲ ಕೊಟ್ರು. ದೀಪಾವಳಿ ರಾತ್ರಿ ಪಟಾಕಿ ಸದ್ದಿಗೆ ಹೆದರಿ ನಾಯಿ ಗೇಟು ಹಾರಿ ಓಡಿತು. ಯಾರೋ ಪುಣ್ಯಾತ್ಮರು ಹಿಡಿದು ಕ್ಲಿನಿಕ್‌ಗೆ ತಂದ್ರು, ಸ್ಕ್ಯಾನ್ ಮಾಡಿದ್ರು, ನಂಬರ್ ಬಂತು, ಹೆಸರೂ ಸಿಕ್ಕಿತು. ಫೋನ್ ಮಾಡಿದ್ರೆ ಹಳೇ ಮಾಲೀಕರ ಸಿಮ್ ಸ್ವಿಚ್ಡ್ ಆಫ್! ಚಿಪ್ ತನ್ನ ಕೆಲಸ ಮಾಡಿತು. ಆದರೂ ನಾಯಿ ಅನಾಥ. ತೋಟದ ಮನೆಯವರು ಇಪ್ಪತ್ತು ಕಿಲೋಮೀಟರ್ ದೂರದಲ್ಲಿ ಹುಡುಕ್ತಾನೇ ಇರ್ತಾರೆ.

ದಾಖಲೆ ಇಟ್ಟವರೇ ಇಲ್ಲವಾದರೆ? ಅದೂ ಆಗಿದೆ. 2025ರ ಆರಂಭದಲ್ಲಿ ಅಮೆರಿಕದ 'ಸೇವ್ ದಿಸ್ ಲೈಫ್' ಅನ್ನೋ ಚಿಪ್ ಕಂಪನಿ ದಿಢೀರ್ ಬಾಗಿಲು ಮುಚ್ಚಿತು. ಪ್ರಾಣಿಗಳ ಮೈಯಲ್ಲಿ ಚಿಪ್ ಸರಿಯಾಗೇ ಇತ್ತು, ಅದರ ಹಿಂದಿನ ವಿವರ ಮಾತ್ರ ಸಿಗದೇ ಹೋಯ್ತು. ಮಾಲೀಕರು ಅದೇ ನಂಬರನ್ನ ಬೇರೆ ಕಡೆ ಮತ್ತೆ ನೋಂದಾಯಿಸಬೇಕಾಯ್ತು.

ಇಂಗ್ಲೆಂಡಿನಲ್ಲಿ 2016ರ ಏಪ್ರಿಲ್‌ನಿಂದ ನಾಯಿಗೆ ಚಿಪ್ ಕಡ್ಡಾಯ. ಅಲ್ಲಿನ ಕಾನೂನು ಚಿಪ್ ಇದೆಯಾ ಅಂತಷ್ಟೇ ಕೇಳಲ್ಲ. ವಿವರ ಹಳೇದಾಗಿದ್ರೆ ಚಿಪ್ ಹಾಕಿಸಿಲ್ಲ ಅಂತಲೇ ಲೆಕ್ಕ, 500 ಪೌಂಡ್‌ವರೆಗೆ ದಂಡ.

ನಮ್ಮಲ್ಲಿ? 2017ರ ನಾಯಿ ತಳಿ ಸಾಕಣೆ ಮತ್ತು ಮಾರಾಟ ನಿಯಮಗಳ ಪ್ರಕಾರ ಮರಿ ಮಾಡಿಸಿ ಮಾರುವವರು ನಾಯಿಗಳಿಗೆ ಮೈಕ್ರೋಚಿಪ್ ಹಾಕಿಸಿ ದಾಖಲೆ ಇಡಬೇಕು. ಎಂಟು ವಾರ ತುಂಬದ ಮರಿಯನ್ನ ಮಾರೋ ಹಾಗಿಲ್ಲ. ಅಂದ್ರೆ ಮರಿ ಕೊಳ್ಳುವಾಗ "ಚಿಪ್ ನಂಬರ್ ಎಷ್ಟು? ಯಾರ ಹೆಸರಲ್ಲಿದೆ?" ಅಂತ ಕೇಳೋ ಹಕ್ಕು ನಿಮಗಿದೆ. ಸಂಕೋಚ ಬೇಡ.

ಹಾಗಾದ್ರೆ ಏನು ಮಾಡಬೇಕು?

ಒಂದು: ನಂಬರ್ ಹುಡುಕಿ. ಲಸಿಕೆ ಪುಸ್ತಕದಲ್ಲಿ ಬಾರ್‌ಕೋಡ್ ಸ್ಟಿಕ್ಕರ್ ಅಂಟಿಸಿರ್ತಾರೆ. ಇಲ್ಲದಿದ್ರೆ ಸ್ಕ್ಯಾನರ್ ಇರೋ ಕ್ಲಿನಿಕ್‌ನಲ್ಲಿ ಓದಿಸಿ. ಭುಜದ ಮಧ್ಯೆ ಸಿಗಲಿಲ್ಲ ಅಂದ್ರೆ ಕತ್ತು, ಮುಂಗಾಲಿನ ಕಡೆಗೂ ಸ್ಕ್ಯಾನರ್ ಆಡಿಸೋಕೆ ಹೇಳಿ. ಚಿಪ್ ಕೆಲವೊಮ್ಮೆ ಸ್ವಲ್ಪ ಜರುಗುತ್ತೆ.

ಎರಡು: ಆ ನಂಬರ್ ಯಾವ ದಾಖಲೆಯಲ್ಲಿದೆ ಅಂತ ತಿಳ್ಕೊಳ್ಳಿ. ಮೊದಲ ಮೂರು ಅಂಕಿ ಒಂದು ಸುಳಿವು. 356 ಅಂದ್ರೆ ಭಾರತದ ಸಂಕೇತ. 9ರಿಂದ ಶುರುವಾದ್ರೆ ಸಾಮಾನ್ಯವಾಗಿ ಅದು ತಯಾರಕರ ಸಂಕೇತ. ಚಿಪ್ ಜತೆ ಕೊಟ್ಟ ಕಾರ್ಡ್ ನೋಡಿ, ಹಾಕಿದ ವೈದ್ಯರನ್ನ ಕೇಳಿ.

ಮೂರು: ನಾಯಿ ಬೇರೆಯವರಿಂದ ಬಂದಿದ್ರೆ, ಅವರ ಸಂಪರ್ಕ ಇರುವಾಗಲೇ ಹೆಸರು ಬದಲಿಸಿ. ಖಾತೆ ಅವರ ಹೆಸರಲ್ಲಿದ್ರೆ ಅವರ ಒಪ್ಪಿಗೆ ಬೇಕಾಗುತ್ತೆ, ಓಟಿಪಿ ಅವರ ಫೋನಿಗೇ ಹೋಗಬಹುದು. ನಾಯಿ ಕೊಟ್ಟ ದಿನವೇ ಇಬ್ಬರೂ ಕೂತು ಮುಗಿಸಿದ್ರೆ ಹತ್ತು ನಿಮಿಷದ ಕೆಲಸ. ತಾರೀಖು, ಚಿಪ್ ನಂಬರ್, ಇಬ್ಬರ ಸಹಿ ಇರೋ ಒಂದು ಪತ್ರವನ್ನೂ ಬರೆಸ್ಕೊಳ್ಳಿ. ನಾಳೆ "ಇದು ನನ್ನ ನಾಯಿ" ಅಂತ ಜಗಳ ಬಂದ್ರೆ ಅದೇ ನಿಮ್ಮ ಆಧಾರ.

ನಾಲ್ಕು: ಎರಡು ಫೋನ್ ನಂಬರ್ ಕೊಡಿ. ಒಂದು ನಿಮ್ಮದು, ಇನ್ನೊಂದು ಮನೇಲಿ ಸದಾ ಇರೋರದ್ದು. ಸಿಮ್ ಬದಲಿಸಿದಾಗ ಬ್ಯಾಂಕಿಗೆ ಹೇಳ್ತೀವಲ್ಲ, ಹಾಗೇ ಇಲ್ಲೂ ಹೇಳಿ. ವರ್ಷಕ್ಕೊಮ್ಮೆ ರೇಬೀಸ್ ಲಸಿಕೆಗೆ ಹೋದಾಗ ಚಿಪ್ ಸ್ಕ್ಯಾನ್ ಮಾಡಿಸಿ, ವಿವರವನ್ನೂ ತೆರೆದು ನೋಡಿ.

ಐದು: ಕುತ್ತಿಗೆಯ ಬೆಲ್ಟ್ ಬಿಡಬೇಡಿ. ಹಳ್ಳಿ ರಸ್ತೇಲಿ ನಾಯಿ ಕಂಡವರ ಕೈಲಿ ಸ್ಕ್ಯಾನರ್ ಇರಲ್ಲ, ಮೊಬೈಲ್ ಇರುತ್ತೆ. ಬೆಲ್ಟಿನ ಬಿಲ್ಲೆ ಮೇಲೆ ಫೋನ್ ನಂಬರ್ ಕೆತ್ತಿಸಿದ್ರೆ ಅರ್ಧ ಗಂಟೇಲಿ ಕರೆ ಬರಬಹುದು. ಬೆಲ್ಟ್ ಕಳಚಿ ಬಿದ್ದಾಗ ಉಳಿಯೋದು ಚಿಪ್.

ಇನ್ನು ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ನಾಯಿ ಜತೆ ವಿದೇಶಕ್ಕೆ ಹೊರಡೋರಿಗೆ ಒಂದು ಮಾತು. ಯುರೋಪಿಯನ್ ಒಕ್ಕೂಟದ ದೇಶಗಳಿಗೆ ಮೊದಲು ಚಿಪ್, ಆಮೇಲೆ ರೇಬೀಸ್ ಲಸಿಕೆ ಆಗಿರಬೇಕು. ಕ್ರಮ ತಿರುಗಿದ್ರೆ ಆ ಲಸಿಕೆ ಲೆಕ್ಕಕ್ಕಿಲ್ಲ, ಮತ್ತೆ ಹಾಕಿಸಬೇಕು. ಭಾರತದಿಂದ ಹೋಗೋ ನಾಯಿಗೆ ಲಸಿಕೆಯಾಗಿ ಕನಿಷ್ಠ 30 ದಿನದ ನಂತರ ರಕ್ತ ಪರೀಕ್ಷೆ, ರಕ್ತ ತೆಗೆದ ಮೇಲೆ ಮೂರು ತಿಂಗಳ ಕಾಯುವಿಕೆ. ಟಿಕೆಟ್ ಮಾಡೋಕೆ ಮೊದಲು ಚಿಪ್ ಮಾಡಿಸಿ.

ಸಂಚಿಕೆ ಕೇಳಿ ಮುಗಿಸಿದ ಕೂಡಲೇ ಲಸಿಕೆ ಪುಸ್ತಕ ತೆಗೀರಿ. ಸ್ಟಿಕ್ಕರ್ ಇದ್ರೆ ಫೋಟೋ ಹೊಡೆದು ಮನೆಯವರ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿ. ಆಮೇಲೆ ಆ ನಂಬರಿನ ಹಿಂದೆ ಯಾರ ಫೋನ್ ಇದೆ ಅಂತ ನೋಡಿ. ಅದು ನಿಮ್ಮದಲ್ಲದಿದ್ರೆ ಇವತ್ತೇ ಬದಲಿಸಿ. ನಾಯಿ ಓಡಿಹೋದ ರಾತ್ರಿ ಆ ಕೆಲಸಕ್ಕೆ ಪುರುಸೊತ್ತು ಇರಲ್ಲ.