ನಿತ್ಯದ ಗುಳಿಗೆಯೂ ಆರೋಗ್ಯ ವಿಮೆಯೂ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ನಾಲ್ಕರಲ್ಲಿ ಯಾವ ಊರಿನದಾದರೂ ಸರಿ, ಔಷಧದ ಅಂಗಡಿಯೊಂದರ ಮುಂದೆ ತಿಂಗಳ ಮೊದಲ ವಾರದಲ್ಲಿ ಅರ್ಧ ಗಂಟೆ ನಿಂತು ನೋಡಬೇಕು. ಬರುವವರಲ್ಲಿ ಅನೇಕರು ತಲೆ ನರೆತವರು. ಒಬ್ಬರು ಕಬ್ಬಿನ ರೈತರು, ಇನ್ನೊಬ್ಬರು ಮಗ್ಗ ಬಿಟ್ಟು ಕುಳಿತ ನೇಕಾರರು, ಮತ್ತೊಬ್ಬರು ನಿವೃತ್ತ ಶಿಕ್ಷಕರು. ಕೈಯಲ್ಲಿ ಮಾಸಿದ ಚೀಟಿ; ಚೀಟಿಯಲ್ಲಿ ರಕ್ತದೊತ್ತಡಕ್ಕೊಂದು, ಸಕ್ಕರೆ ಕಾಯಿಲೆಗೊಂದು, ಹೃದಯಕ್ಕೊಂದು ಗುಳಿಗೆ. ಹಣ ಸಾಲದ ತಿಂಗಳಲ್ಲಿ ‘ಹದಿನೈದು ದಿನದ್ದು ಸಾಕು’ ಎಂದು ಹೇಳಿ ಹೋಗುವವರೂ ಉಂಟು. ಉಳಿದ ಹದಿನೈದು ದಿನ ಗುಳಿಗೆ ತಪ್ಪಿದರೆ ಏರಿದ ರಕ್ತದೊತ್ತಡವು ಪಾರ್ಶ್ವವಾಯುವಿಗೆ ದಾರಿಯಾಗಬಹುದೆಂಬುದು ಅವರಿಗೆ ತಿಳಿಯದ ಮಾತಲ್ಲ. ಕೈಯಲ್ಲಿ ಹಣವಿಲ್ಲ, ಅಷ್ಟೆ.

‘ಈ ಗುಳಿಗೆಯ ಖರ್ಚನ್ನು ಕೊಡುವ ವಿಮೆ ಯಾವುದಾದರೂ ಇದೆಯೇನು?’ ಎಂದು ಹಿರಿಯರು ಮಕ್ಕಳನ್ನು ಕೇಳುತ್ತಾರೆ. ಮಕ್ಕಳು ಏಜೆಂಟರನ್ನು ಕೇಳುತ್ತಾರೆ. ಉತ್ತರ ಸಿಗುವ ಮೊದಲೇ ಕಂತು ಕಟ್ಟಿ ಮುಗಿದಿರುತ್ತದೆ. ಆದುದರಿಂದ ವಿಮೆಯು ಯಾವುದಕ್ಕೆ ಒದಗುತ್ತದೆ, ಯಾವುದಕ್ಕೆ ಒದಗುವುದಿಲ್ಲ ಎಂಬುದನ್ನು ನಾವು ಮೊದಲು ವಿಚಾರಿಸೋಣ.

ಒಂದು ಹಳ್ಳಿಯಲ್ಲಿ ೧೦೦ ಮಂದಿ ರೈತರು. ಪ್ರತಿಯೊಬ್ಬರಲ್ಲಿಯೂ ೧೦,೦೦೦ ರೂಪಾಯಿ ಬೆಲೆಯ ಒಂದು ಮೇವಿನ ಬಣವೆ. ವರ್ಷಕ್ಕೆ ಒಂದು ಬಣವೆ ಬೆಂಕಿಗೆ ಆಹುತಿಯಾಗುತ್ತದೆಂದು ಭಾವಿಸೋಣ. ಯಾರದೆಂದು ಮೊದಲೇ ಹೇಳಲಾಗದು. ಎಲ್ಲರೂ ತಲಾ ೧೦೦ ರೂಪಾಯಿ ಕೂಡಿಸಿದರೆ ನಷ್ಟ ಹೊಂದಿದವನಿಗೆ ಹೊಸ ಬಣವೆಯ ಬೆಲೆ ದೊರೆಯುತ್ತದೆ. ಇದೇ ವಿಮೆಯ ತತ್ತ್ವ. ಅನಿಶ್ಚಿತವೂ ದೊಡ್ಡದೂ ಆದ ನಷ್ಟವನ್ನು ಅನೇಕರು ಹಂಚಿಕೊಂಡರೆ ಅದು ಹಗುರವಾಗುತ್ತದೆ.

ಇನ್ನು ಅದೇ ಹಳ್ಳಿಯವರು ಎತ್ತುಗಳ ದಿನನಿತ್ಯದ ಮೇವಿಗಾಗಿ ನಿಧಿ ಕೂಡಿಸಿದರೆ ಏನಾಗುವುದು? ಮೇವು ಪ್ರತಿ ಎತ್ತಿಗೂ ಪ್ರತಿ ದಿನವೂ ಬೇಕು. ಒಬ್ಬನ ಎತ್ತು ವರ್ಷಕ್ಕೆ ೧೦,೦೦೦ ರೂಪಾಯಿಯ ಮೇವು ತಿಂದರೆ ಅವನು ೧೦,೦೦೦ ರೂಪಾಯಿಯನ್ನೇ ಕೊಡಬೇಕು; ಮೇಲೆ ಲೆಕ್ಕ ಬರೆಯುವವನ ಸಂಬಳ ಬೇರೆ! ಖಚಿತವಾಗಿ ಬರುವ ಖರ್ಚನ್ನು ಹಂಚಿಕೊಳ್ಳುವುದರಿಂದ ಉಳಿತಾಯವಿಲ್ಲ.

ಆಸ್ಪತ್ರೆಗೆ ಸೇರಬೇಕಾದ ಕಾಯಿಲೆಯು ಬಣವೆಗೆ ಬೀಳುವ ಬೆಂಕಿಯಂತೆ. ನಿತ್ಯದ ಗುಳಿಗೆಯು ಎತ್ತಿನ ಮೇವಿನಂತೆ. ಈ ಭೇದವನ್ನು ತಿಳಿದವನು ವಿಮೆಯ ಆಯ್ಕೆಯಲ್ಲಿ ಸುಲಭವಾಗಿ ಮೋಸಹೋಗಲಾರನು.

ಹಾಗಾದರೆ ಗುಳಿಗೆಗೆ ವಿಮೆ ಎಲ್ಲಿಯೂ ಇಲ್ಲವೆ? ಉಂಟು. ಅಮೇರಿಕದಲ್ಲಿ ೨೦೦೩ರ ಕಾನೂನಿನ ಮೇರೆಗೆ ೨೦೦೬ರಿಂದ ವೃದ್ಧರಿಗೆ ಔಷಧಕ್ಕಾಗಿಯೇ ಬೇರೆ ವಿಮೆ ನಡೆಯುತ್ತಿದೆ. ಅದು ನಿಂತಿರುವುದು ಸರಕಾರವು ವೆಚ್ಚದ ಬಹುಪಾಲನ್ನು ಹೊರುವುದರಿಂದ. ಅಲ್ಲಿ ಖಾಸಗಿ ಕಂಪನಿಗಳ ಅನೇಕ ಯೋಜನೆಗಳಲ್ಲಿ ಒಂದನ್ನು ವೃದ್ಧರೇ ಆರಿಸಿಕೊಳ್ಳಬೇಕು. ಅವರ ಆಯ್ಕೆಯನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರು ೨೦೧೧ರಲ್ಲಿ ಒಂದು ವಿಷಯವನ್ನು ಪ್ರಕಟಿಸಿದರು: ಜನರು ಕಂತಿನ ಮೊತ್ತಕ್ಕೆ ಅತಿಯಾದ ಮಹತ್ತ್ವ ಕೊಡುತ್ತಾರೆ, ವರ್ಷದ ಕೊನೆಗೆ ತಮ್ಮ ಕೈಯಿಂದ ಹೋಗುವ ಹಣವನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ. ಈ ದೋಷವು ಅಲ್ಲಿಯವರಿಗೆ ಮಾತ್ರ ಸೀಮಿತವಾದುದೆಂದು ನಾವು ತಿಳಿಯಬೇಕಾಗಿಲ್ಲ.

ನಮ್ಮ ನೇಕಾರರಿಗೂ ಇಂಥದೊಂದು ಆಸರೆ ಒಮ್ಮೆ ಇದ್ದಿತು. ಕೇಂದ್ರ ಸರಕಾರವು ೨೦೦೫-೦೬ರಲ್ಲಿ ಕೈಮಗ್ಗ ನೇಕಾರರಿಗಾಗಿ ಆರಂಭಿಸಿದ ಆರೋಗ್ಯ ವಿಮೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ ೧೫,೦೦೦ ರೂಪಾಯಿಯ ಮಿತಿ. ಅದರಲ್ಲಿ ೭,೫೦೦ ರೂಪಾಯಿ ಹೊರರೋಗಿ ಚಿಕಿತ್ಸೆಗೆ. ಕಂತಿನ ಬಹುಭಾಗವನ್ನು ಸರಕಾರವೇ ಭರಿಸುತ್ತಿತ್ತು. ಆ ಯೋಜನೆ ಈಗ ಆ ರೂಪದಲ್ಲಿ ಉಳಿದಿಲ್ಲ. ಬನಹಟ್ಟಿಯ ಹಿರಿಯ ನೇಕಾರರು ಹಳೆಯ ಕಾರ್ಡನ್ನು ನೆನೆದು ಹೊಸ ವಿಮೆಯಿಂದಲೂ ಔಷಧದ ಹಣ ಬರುವುದೆಂದು ಎಣಿಸಿದರೆ ನಿರಾಶೆಯಾಗಬಹುದು.

ಇಂದು ನಮ್ಮಲ್ಲಿರುವ ಯೋಜನೆಗಳಾವುವು? ೨೦೧೮ರಲ್ಲಿ ಬಂದ ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ದಲ್ಲಿ ಬಿ.ಪಿ.ಎಲ್. ಪಡಿತರ ಚೀಟಿಯುಳ್ಳ ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿಯವರೆಗೆ ಆಸ್ಪತ್ರೆಯ ಚಿಕಿತ್ಸೆ ದೊರೆಯುತ್ತದೆ. ೭೦ ವರ್ಷ ದಾಟಿದವರೆಲ್ಲರಿಗೂ, ಆದಾಯವನ್ನು ನೋಡದೆ, ವರ್ಷಕ್ಕೆ ೫ ಲಕ್ಷದ ರಕ್ಷಣೆಯನ್ನು ಕೇಂದ್ರ ಸರಕಾರವು ೨೦೨೪ರ ಅಕ್ಟೋಬರ್ ೨೯ರಂದು ಆರಂಭಿಸಿತು. ಈ ಕಾರ್ಡು ತಮ್ಮ ಊರಿನ ಆಸ್ಪತ್ರೆಯಲ್ಲಿ ನಡೆಯುವುದೇ ಎಂಬುದನ್ನು ಅಲ್ಲಿಯ ಆರೋಗ್ಯಮಿತ್ರರಲ್ಲಿ ವಿಚಾರಿಸಿಕೊಳ್ಳಬೇಕು. ಸಹಕಾರ ಸಂಘಗಳ ಸದಸ್ಯರಿಗಾಗಿ ೨೦೦೩ರಲ್ಲಿ ಹುಟ್ಟಿದ ‘ಯಶಸ್ವಿನಿ’ಯು ಮುಖ್ಯವಾಗಿ ಶಸ್ತ್ರಚಿಕಿತ್ಸೆಗೆ ಮೀಸಲು; ನಡುವೆ ನಿಂತುಹೋಗಿದ್ದ ಅದು ೨೦೨೨-೨೩ರಲ್ಲಿ ಮತ್ತೆ ಜೀವ ತಳೆಯಿತು. ಇವೆಲ್ಲವೂ ಬೆಂಕಿಗೆ ನೀರೇ ಹೊರತು ಎತ್ತಿಗೆ ಮೇವಲ್ಲ. ಆಯುಷ್ಮಾನ್ ಯೋಜನೆಯಲ್ಲಿ ಆಸ್ಪತ್ರೆಗೆ ಸೇರುವ ಮೊದಲಿನ ೩ ದಿನ, ಬಿಡುಗಡೆಯ ನಂತರದ ೧೫ ದಿನ ಇವುಗಳ ಔಷಧವು ಸೇರಿದೆ. ಆಮೇಲಿನ ಗುಳಿಗೆ ನಮ್ಮದೇ.

ಕಂಪನಿಗಳ ವಿಮೆಯಲ್ಲಿಯೂ ಹೆಚ್ಚುಕಡಿಮೆ ಹೀಗೆಯೇ. ೨೦೨೦ರಿಂದ ನಡೆಯುತ್ತಿರುವ ‘ಆರೋಗ್ಯ ಸಂಜೀವಿನಿ’ ಎಂಬ ಮಾದರಿ ವಿಮೆಯಲ್ಲಿ ಆಸ್ಪತ್ರೆಗೆ ಸೇರುವ ಮೊದಲಿನ ೩೦ ದಿನ, ನಂತರದ ೬೦ ದಿನಗಳ ಖರ್ಚು ಸೇರುತ್ತದೆ. ಪ್ರತಿ ಬಿಲ್ಲಿನಲ್ಲಿ ಶೇಕಡಾ ೫ರಷ್ಟು ರೋಗಿಯ ಪಾಲು. ಬೇರೆ ವಿಮೆಗಳನ್ನು ತೂಗಿ ನೋಡಲು ಇದನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು.

ಕೆಲವು ಕಂಪನಿಗಳು ಹೆಚ್ಚಿನ ಕಂತು ಪಡೆದು ಹೊರರೋಗಿಯ ಔಷಧದ ಖರ್ಚನ್ನೂ ಕೊಡುವುದುಂಟು. ಅಲ್ಲಿ ಲೆಕ್ಕ ಹಾಕುವುದು ಅವಶ್ಯ. ಒಬ್ಬ ಹಿರಿಯರ ಗುಳಿಗೆಗೆ ತಿಂಗಳಿಗೆ ೧,೨೦೦ ರೂಪಾಯಿ, ಅಂದರೆ ವರ್ಷಕ್ಕೆ ೧೪,೪೦೦ ರೂಪಾಯಿ ತಗಲುತ್ತದೆಂದಿಟ್ಟುಕೊಳ್ಳೋಣ. ಹೊರರೋಗಿ ಸೌಲಭ್ಯಕ್ಕೆ ಹೆಚ್ಚಿನ ಕಂತು ೬,೫೦೦ ರೂಪಾಯಿ. ಅದು ಕೊಡುವ ಗರಿಷ್ಠ ಹಣ ೫,೦೦೦ ರೂಪಾಯಿ. ಪೂರ್ತಿ ಹಣ ಬಂದರೂ ೧,೫೦೦ ರೂಪಾಯಿ ನಷ್ಟವೇ! ಅದೇ ಹಿರಿಯರು ವೈದ್ಯರನ್ನು ಕೇಳಿ, ಅದೇ ಮೂಲದ್ರವ್ಯದ ಅಗ್ಗದ ಗುಳಿಗೆಗಳನ್ನು ತಿಂಗಳಿಗೆ ೪೫೦ ರೂಪಾಯಿಗೆ ಕೊಂಡರೆ ವರ್ಷಕ್ಕೆ ೯,೦೦೦ ರೂಪಾಯಿ ಉಳಿಯುತ್ತದೆ.

ಅಗ್ಗದ ಗುಳಿಗೆ ಹೇಗೆ ಸಾಧ್ಯ? ಗುಳಿಗೆಗೆ ಎರಡು ಹೆಸರು. ಮೆಟ್‌ಫಾರ್ಮಿನ್, ಆಮ್ಲೋಡಿಪಿನ್ ಎಂಬವು ರೋಗದ ಮೇಲೆ ಕೆಲಸ ಮಾಡುವ ದ್ರವ್ಯದ ಹೆಸರುಗಳು; ಪೊಟ್ಟಣದ ಮೇಲೆ ದೊಡ್ಡ ಅಕ್ಷರದಲ್ಲಿರುವುದು ಕಂಪನಿಯಿಟ್ಟ ಹೆಸರು. ಆ ಎರಡನೆಯ ಹೆಸರಿನ ಪ್ರಚಾರದ ವೆಚ್ಚವೂ ಬೆಲೆಯಲ್ಲಿ ಸೇರಿರುತ್ತದೆ. ೨೦೦೮ರಲ್ಲಿ ಆರಂಭವಾದ ಜನೌಷಧಿ ಕೇಂದ್ರಗಳಲ್ಲಿ ದ್ರವ್ಯದ ಹೆಸರಿನಲ್ಲಿಯೇ ಔಷಧವು ಕಡಿಮೆ ಬೆಲೆಗೆ ಸಿಗುತ್ತದೆ. ಸರಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಸಾಮಾನ್ಯ ಗುಳಿಗೆಗಳನ್ನು ಉಚಿತವಾಗಿ ಕೊಡುತ್ತಾರೆ. ಆದರೆ ವೈದ್ಯರನ್ನು ಕೇಳದೆ ಗುಳಿಗೆಯನ್ನು ಬದಲಿಸಬಾರದು. ಮೂರ್ಛೆರೋಗ, ಥೈರಾಯ್ಡ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧ ಇವುಗಳ ವಿಷಯದಲ್ಲಂತೂ ವಿಶೇಷ ಎಚ್ಚರ ಬೇಕು.

ಆಸ್ಪತ್ರೆಗಾಗಿ ವಿಮೆಯನ್ನು ಕೊಳ್ಳಬೇಕೆನ್ನುವವರು ಗಮನಿಸತಕ್ಕ ಕೆಲವು ಸಂಗತಿಗಳಿವೆ. ೨೦೨೪ರಿಂದ ೬೫ ದಾಟಿದವರಿಗೂ ವಿಮೆಯ ಬಾಗಿಲು ತೆರೆದಿದೆ. ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಅವಧಿಯು ೩೬ ತಿಂಗಳನ್ನು ಮೀರಬಾರದೆಂದು ನಿಯಮವಾಗಿದೆ. ಅದು ಎಷ್ಟು ತಿಂಗಳೆಂದು ಕೇಳಿ ಬರೆದುಕೊಳ್ಳಬೇಕು. ಇರುವ ಕಾಯಿಲೆಯನ್ನು ಮುಚ್ಚಿಡಬಾರದು. ಮುಚ್ಚಿಟ್ಟ ಕಾಯಿಲೆಯೇ ಮುಂದೆ ಹಣ ನಿರಾಕರಿಸಲು ಕಾರಣವಾಗುತ್ತದೆ. ನಮ್ಮ ಭಾಗದವರು ದೊಡ್ಡ ಕಾಯಿಲೆಗೆ ಬಾಗಲಕೋಟೆ, ಬೆಳಗಾವಿಗಳಿಗೆ ಹೋಗುವಂತೆ ಮಿರಜಕ್ಕೂ ಹೋಗುವುದುಂಟು. ತಾವು ನಂಬಿದ ಆಸ್ಪತ್ರೆಯು ವಿಮೆಯ ಪಟ್ಟಿಯಲ್ಲಿದೆಯೇ, ರಾಜ್ಯದ ಯೋಜನೆಯು ಗಡಿಯಾಚೆಯ ಆ ಊರಿನಲ್ಲಿ ನಡೆಯುವುದೇ ಎಂಬುದನ್ನು ರೋಗ ಬರುವ ಮೊದಲೇ ಕೇಳಿಡುವುದು ಜಾಣತನ. ಪತ್ರ ಕೈಗೆ ಬಂದ ಮೇಲೆ ಓದಿ ನೋಡಿ, ಒಪ್ಪಿಗೆಯಾಗದಿದ್ದರೆ ೩೦ ದಿನಗಳೊಳಗೆ ಹಿಂದಿರುಗಿಸಬಹುದು. ತಕರಾರಿದ್ದರೆ ಮೊದಲು ಕಂಪನಿಗೆ ಲಿಖಿತ ದೂರು. ತಿಂಗಳೊಳಗೆ ಪರಿಹಾರ ಸಿಗದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರಿಗೆ ಬರೆಯಬಹುದು. ಅದಕ್ಕೆ ಶುಲ್ಕವಿಲ್ಲ.

ಇಷ್ಟನ್ನೂ ನೆನಪಿನಲ್ಲಿಡುವುದು ಕಷ್ಟವೆನಿಸಿದರೆ ಒಂದು ಹಾಳೆಯನ್ನು ತೆಗೆದುಕೊಳ್ಳಿರಿ. ಅಪ್ಪನ ಗುಳಿಗೆಗಳ ಹೆಸರು, ದ್ರವ್ಯದ ಹೆಸರು, ತಿಂಗಳ ಬೆಲೆ ಇವನ್ನು ಸಾಲಾಗಿ ಬರೆಯಿರಿ. ಅದರ ಕೆಳಗೆ ವಿಮೆಯ ವರ್ಷದ ಕಂತು, ವಿಮೆ ಕೊಡದೆ ಉಳಿಯುವ ಖರ್ಚು ಎರಡನ್ನೂ ಕೂಡಿಸಿ ಬರೆಯಿರಿ. ಯಾವ ಯೋಜನೆಯಲ್ಲಿ ಈ ಮೊತ್ತವು ಕಡಿಮೆಯೋ, ಕಷ್ಟಕಾಲದಲ್ಲಿ ಆಸ್ಪತ್ರೆಯ ಬಾಗಿಲು ತೆರೆಯುವುದೋ ಅದು ಒಳ್ಳೆಯದು. ಏಜೆಂಟರು ಮನೆಗೆ ಬಂದಾಗ ಆ ಹಾಳೆಯನ್ನು ಅವರ ಮುಂದಿಡಿರಿ. ಅದೇ ಹಾಳೆಯನ್ನು ವೈದ್ಯರಿಗೂ ತೋರಿಸಿದರೆ ತಿಂಗಳ ಗುಳಿಗೆಯನ್ನು ಅರ್ಧಕ್ಕೆ ನಿಲ್ಲಿಸುವ ಪ್ರಸಂಗವೇ ಬಾರದೆ ಹೋಗಬಹುದು.